ಯಾವ ಊರಿನ ರೋಬ್ಲೆ?

ಕೃಷಿ, ಅರಣ್ಯದ ವರದಿಗಳನ್ನು ಸ್ಪ್ಯಾನಿಷ್‌ನಿಂದ ಇಂಗ್ಲಿಷಿಗೆ ಮಾಡಿಕೊಡುವುದು ನನ್ನ ಕಸುಬು. ಗಿಡದ ಹೆಸರು ಎದುರಾದರೆ ನಿಘಂಟು ತೆಗೆಯುವುದು ಕೊನೆಗೆ. ಬರಹ ಯಾವ ದೇಶದ್ದು, ಯಾವ ಸೀಮೆಯದ್ದು ಅಂತ ಮೊದಲು ನೋಡುತ್ತೇನೆ. ನಿಘಂಟಿನ ಪ್ರಕಾರ ‘ರೋಬ್ಲೆ’ ಅಂದರೆ ಓಕ್. ಸ್ಪೇನಿನ ಮಟ್ಟಿಗೆ ಸರಿಯೇ. ಚಿಲಿಯಲ್ಲಿ ಅದೇ ಹೆಸರು ನೋಥೊಫೇಗಸ್ ಮರಕ್ಕಿದೆ. ಪನಾಮದಲ್ಲಿ ಅದು ಟಬೆಬುಯಾ ರೋಸಿಯಾ, ಬೆಂಗಳೂರಿನ ರಸ್ತೆಬದಿಯಲ್ಲಿ ಗುಲಾಬಿ ಹೂ ಸುರಿಸುವ ಮರವೇ.

ಒಂದೇ ಮರಕ್ಕೆ ಹತ್ತು ಹೆಸರಿದ್ದರೆ ಇನ್ನೊಂದು ಥರದ ಪೇಚಾಟ. ಕೊಲಂಬಿಯಾದವರು ‘ಮಾತಾರಾತೋನ್’ ಅನ್ನುತ್ತಾರೆ, ನಿಕರಾಗುವಾದವರು ‘ಮಾದೆರೊ ನೇಗ್ರೊ’, ಮೆಕ್ಸಿಕೋದ ವೆರಾಕ್ರೂಸ್ ಕಡೆ ‘ಕೊಕುಯಿತೆ’. ಸುಳಿವು ಸಿಗುವುದು ಅಕ್ಕಪಕ್ಕದ ಸಾಲುಗಳಲ್ಲಿ. ಗೂಟ ನೆಟ್ಟರೆ ಚಿಗುರಿ ಬೇಲಿಯಾಗುತ್ತದೆ, ಸೊಪ್ಪು ದನದ ಮೇವಿಗೆ, ಕೋಕೋ ಗಿಡಕ್ಕೆ ನೆರಳು, ಹೂ ತಿಳಿಗುಲಾಬಿ. ನಮ್ಮ ಕಡೆಯ ತೋಟದವರಿಗೆ ಓದಿ ಹೇಳಿದರೆ ‘ಇದು ಗೊಬ್ಬರದ ಗಿಡ ಅಲ್ವಾ’ ಅಂದುಬಿಡುತ್ತಾರೆ. ಹೌದು, ಗ್ಲಿರಿಸಿಡಿಯಾ ಸೇಪಿಯಂ. ಮಾತಾರಾತೋನ್ ಅಂದರೆ ಇಲಿ ಕೊಲ್ಲುವುದು, ಗ್ಲಿರಿಸಿಡಿಯಾ ಅಂದರೂ ಅದೇ. ಸೇಪಿಯಂ ಅಂದರೆ ಬೇಲಿಯದ್ದು.

ಅಷ್ಟಕ್ಕೇ ಬಿಡುವುದಿಲ್ಲ. ಹರ್ಬೇರಿಯಂಗಳು, ಅಂದರೆ ಒಣಗಿಸಿದ ಗಿಡಗಳನ್ನು ಕಾಪಿಡುವ ಸಂಗ್ರಹಾಲಯಗಳು, ತಮ್ಮ ಮಾದರಿಗಳ ಚಿತ್ರಗಳನ್ನು ಅಂತರ್ಜಾಲಕ್ಕೆ ಹಾಕಿವೆ. ಚೀಟಿಯ ಮೇಲೆ ಜಾಗ, ಹೂವಿನ ಬಣ್ಣ, ಎಷ್ಟೋ ಸಲ ಊರಿನವರು ಕರೆಯುವ ಹೆಸರೂ ಇರುತ್ತದೆ. ಅದೇ ಜಿಲ್ಲೆಯ ಒಂದು ಚೀಟಿ ಸಿಕ್ಕರೆ ನನಗೆ ನಿಘಂಟಿಗಿಂತ ಹೆಚ್ಚು ಧೈರ್ಯ.

ಇಂಗ್ಲಿಷಿನಲ್ಲಿ ಏನು ಬರೆಯಬೇಕೆಂಬುದು ಓದುವವರ ಮೇಲೆ. ಗ್ವಾಟೆಮಾಲಾದ ‘ಗ್ವಿಸ್ಕಿಲ್’ ನಮ್ಮ ಸೀಮೆಬದನೆ. ಅಮೆರಿಕದವರಿಗೆ ಚಾಯೋಟೆ, ಆಸ್ಟ್ರೇಲಿಯಾದವರಿಗೆ ಚೋಕೋ, ಬೆಂಗಳೂರಿನ ತರಕಾರಿ ಅಂಗಡಿಯಲ್ಲಿ ಚೌ ಚೌ! ಹಾಗಾಗಿ ಕೆಲಸ ಒಪ್ಪಿಕೊಳ್ಳುವಾಗಲೇ ಯಾವ ದೇಶದವರು ಓದುತ್ತಾರೆ ಅಂತ ಕೇಳಿಬಿಡುತ್ತೇನೆ. ಊರಿನವರ ಮಾತನ್ನೇ ದಾಖಲಿಸಿದ ಬರಹವಾದರೆ ಸ್ಪ್ಯಾನಿಷ್ ಹೆಸರನ್ನು ಹಾಗೇ ಉಳಿಸಿ, ಮೊದಲ ಸಲ ಬಂದಾಗ ಮಾತ್ರ ಲ್ಯಾಟಿನ್ ಹೆಸರು ಸೇರಿಸುತ್ತೇನೆ.

ಮರದ ವ್ಯಾಪಾರದ ಕಾಗದಪತ್ರದಲ್ಲಿ ಈ ಸಡಿಲ ನಡೆಯದು. ಮಧ್ಯ ಅಮೆರಿಕದ ‘ಸೆದ್ರೊ’ವನ್ನು ಇಂಗ್ಲಿಷಿನ ವ್ಯಾಪಾರಿಗಳು ಸ್ಪ್ಯಾನಿಷ್ ಸೀಡರ್ ಅನ್ನುತ್ತಾರೆ. ಅದು ಸ್ಪೇನಿನದ್ದೂ ಅಲ್ಲ, ದೇವದಾರಿನ ಜಾತಿಯೂ ಅಲ್ಲ, ಬೇವಿನ ಕುಟುಂಬದ್ದು. ಆದರೂ ಮಾರುಕಟ್ಟೆಯಲ್ಲಿ ಓಡುವ ಹೆಸರು ಅದೇ, ನಾನೂ ಅದನ್ನೇ ಬರೆಯುತ್ತೇನೆ. ಪಕ್ಕದಲ್ಲಿ ಸೆಡ್ರೆಲಾ ಒಡೊರಾಟಾ ಅಂತ ಇರಲೇಬೇಕು: ಅಳಿವಿನ ಭೀತಿಯ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿ 2020ರಿಂದ ಅದು ಇದೆ, ಪರವಾನಗಿಯಲ್ಲಿ ನೋಡುವುದು ಲ್ಯಾಟಿನ್ ಹೆಸರನ್ನೇ.