ಮೈಲೇಜ್ ಕುಸಿದಾಗ ಡೀಸೆಲಿನ ಜಾಡು ಹಿಡಿದು ಹೋದದ್ದು

ಗಾಡಿಗೆ ವಯಸ್ಸಾದಂತೆ ಮೈಲೇಜ್ ಕೊಂಚ ಕೊಂಚವೇ ಇಳಿಯುವುದು ಸಹಜ. ಆದರೆ ಲೀಟರಿಗೆ 19 ಕಿಲೋಮೀಟರ್ ಓಡುತ್ತಿದ್ದ ಕಾರು ಒಂದೆರಡು ಟ್ಯಾಂಕ್ ಮುಗಿಯುವಷ್ಟರಲ್ಲಿ 16ಕ್ಕೆ ಬಂದು ನಿಂತರೆ ಅದನ್ನು ವಯಸ್ಸಿನ ತಲೆಗೆ ಕಟ್ಟಲಾಗದು. ಎಲ್ಲೋ ಏನೋ ಕೆಟ್ಟಿದೆ, ಹುಡುಕಿದರೆ ಸಿಗುತ್ತದೆ. ನನ್ನ ಡೀಸೆಲ್ ಕಾರಿನಲ್ಲಿ ಆದದ್ದು ಇದೇ. ಎಚ್ಚರಿಕೆಯ ದೀಪ ಹೊತ್ತಿರಲಿಲ್ಲ, ಕಪ್ಪು ಹೊಗೆ ಇರಲಿಲ್ಲ, ಸ್ಟಾರ್ಟ್ ಮಾಡುವುದರಲ್ಲಿ ತೊಡಕಿರಲಿಲ್ಲ. ಎಳೆತ ಮಾತ್ರ ತುಸು ಮಂದವಾದಂತೆ ಅನಿಸುತ್ತಿತ್ತು.

ಕೈಗೆ ಸ್ಪ್ಯಾನರ್ ತೆಗೆದುಕೊಳ್ಳುವ ಮೊದಲು ಲೆಕ್ಕ ಸರಿಯಿದೆಯೇ ಎಂದು ನೋಡಿದೆ. ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿ ಒಂದು ಅಂದಾಜು. ತೀರ್ಪು ಕೊಡಬೇಕಾದದ್ದು ಟ್ಯಾಂಕ್. ಡೀಸೆಲ್ ನೊರೆ ಕಟ್ಟುವುದರಿಂದ ಬಂಕಿನಲ್ಲಿ ನಳಿಕೆ ಒಮ್ಮೆ ಬೇಗ, ಇನ್ನೊಮ್ಮೆ ತಡವಾಗಿ ನಿಲ್ಲುತ್ತದೆ. ಒಂದೆರಡು ಲೀಟರಿನ ವ್ಯತ್ಯಾಸ ಅಲ್ಲೇ ಬಂದುಬಿಡುತ್ತದೆ. ಹಾಗಾಗಿ ಅದೇ ಬಂಕಿನ ಅದೇ ಪಂಪಿನಲ್ಲಿ, ಟ್ಯಾಂಕ್ ಮುಕ್ಕಾಲು ಖಾಲಿಯಾದ ಮೇಲೆ ಮಾತ್ರ ಪೂರ್ತಿ ತುಂಬಿಸಿ, ಕೆಲವು ಟ್ಯಾಂಕ್‌ಗಳ ಸರಾಸರಿ ತೆಗೆದೆ. ದಾರಿ ಬದಲಾಗಿರಲಿಲ್ಲ, ಹೊರೆ ಬದಲಾಗಿರಲಿಲ್ಲ. ಕುಸಿತ ನಿಜವೇ ಆಗಿತ್ತು.

ಎಂಜಿನ್ನಿನ ಹೊರಗಿನ ಕಾರಣಗಳನ್ನು ಬೇಗ ಮುಗಿಸಿದೆ. ಟೈರುಗಳು ತಣ್ಣಗಿರುವಾಗ ಗಾಳಿ ಅಳೆದೆ, ಸರಿಯಿತ್ತು. ಬ್ರೇಕ್ ಹಿಡಿದುಕೊಂಡಿದೆಯೇ ಎಂದು ತಿಳಿಯಲು, ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಓಡಿಸಿ ನಿಲ್ಲಿಸಿ, ಒಂದೊಂದೇ ಚಕ್ರದ ಬಳಿ ಅಂಗೈ ಹಿಡಿದು ನೋಡಿದೆ. ಕ್ಯಾಲಿಪರ್ ಪಿನ್ ಜಾಮ್ ಆಗಿದ್ದರೆ ಒಂದು ಚಕ್ರ ಮಾತ್ರ ಕೈ ಇಡಲಾಗದಷ್ಟು ಬಿಸಿಯಾಗಿರುತ್ತದೆ. ನಾಲ್ಕೂ ಒಂದೇ ಸಮ ಇದ್ದವು. ಏರ್ ಫಿಲ್ಟರ್ ಸ್ವಚ್ಛವಾಗಿತ್ತು, ಡೀಸೆಲ್ ಸೋರಿಕೆಯ ವಾಸನೆ ಇರಲಿಲ್ಲ. ಕೂಲೆಂಟಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟ್ಯಾಟ್ ತೆರೆದೇ ಉಳಿದರೆ ಎಂಜಿನ್ ಕಾಯದೆ ಹೆಚ್ಚು ಡೀಸೆಲ್ ಕುಡಿಯುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ಆ ವ್ಯತ್ಯಾಸವನ್ನು ಎಷ್ಟೋ ಸಲ ಮರೆಮಾಚುತ್ತದೆ. ಕಾರಿನ ಕಂಪ್ಯೂಟರಿನಿಂದ ಅಂಕಿಗಳನ್ನು ಓದುವ ಒಬಿಡಿ ಸ್ಕ್ಯಾನರ್ ಚುಚ್ಚಿ ನೋಡಿದೆ. ಹೆದ್ದಾರಿಯ ಓಟದಲ್ಲೂ ಕೂಲೆಂಟ್ 90 ಡಿಗ್ರಿಯ ಆಸುಪಾಸಿನಲ್ಲೇ ಇತ್ತು. ಅದೂ ಅಲ್ಲ.

ಸುಳಿವು ಸಿಕ್ಕಿದ್ದು ನಿಂತಿರುವ ಗಾಡಿಯಲ್ಲಿ. ಸಿಗ್ನಲ್‌ನಲ್ಲಿ ಐಡ್ಲಿಂಗ್ ಇರುವಾಗ ಗಂಟೆಗೆ 0.6 ಲೀಟರ್ ತೋರಿಸುತ್ತಿದ್ದ ಮೀಟರ್ ಕೆಲವು ಸಲ ಅದರ ದುಪ್ಪಟ್ಟು ತೋರಿಸುತ್ತಿತ್ತು. ಆಗ ಎಂಜಿನ್ನಿನ ವೇಗವೂ ಸ್ವಲ್ಪ ಏರಿರುತ್ತಿತ್ತು. ಮನೆ ಮುಟ್ಟಿ ಎಂಜಿನ್ ಆಫ್ ಮಾಡಿದರೂ ರೇಡಿಯೇಟರ್ ಫ್ಯಾನ್ ಭರ್ರೆಂದು ತಿರುಗುತ್ತಲೇ ಇರುತ್ತಿತ್ತು, ಗಾಡಿಯ ಅಡಿಯಿಂದ ಕಾದ ಲೋಹದ ವಾಸನೆ ಬರುತ್ತಿತ್ತು. ಇವೆಲ್ಲ ಡಿಪಿಎಫ್, ಅಂದರೆ ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್, ತನ್ನಲ್ಲಿ ತುಂಬಿಕೊಂಡ ಮಸಿಯನ್ನು ಸುಟ್ಟುಕೊಳ್ಳುವ ರೀಜನರೇಷನ್ನಿನ ಲಕ್ಷಣಗಳು. ಆ ಹೊತ್ತಿನಲ್ಲಿ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಸಿಲಿಂಡರಿಗೆ ತಡವಾಗಿ ಇನ್ನಷ್ಟು ಡೀಸೆಲ್ ಚಿಮ್ಮಿಸುತ್ತದೆ. ಅದು ಗಾಡಿಯನ್ನು ಎಳೆಯುವುದಕ್ಕಲ್ಲ, ಹೊಗೆಯ ದಾರಿಯಲ್ಲಿ ಉರಿದು ಫಿಲ್ಟರನ್ನು 600 ಡಿಗ್ರಿಯ ಹತ್ತಿರಕ್ಕೆ ಕಾಯಿಸುವುದಕ್ಕೆ. ರೀಜನರೇಷನ್ ನಡೆಯುವುದು ತಪ್ಪಲ್ಲ, ನಡೆಯಲೇಬೇಕು. ಎಷ್ಟು ಕಿಲೋಮೀಟರಿಗೊಮ್ಮೆ ನಡೆಯುತ್ತಿದೆ ಎಂಬುದೇ ಪ್ರಶ್ನೆ.

ನನ್ನ ಕಾರಿನ ಮಾದರಿಗೆ ಹೊಂದುವ ಆ್ಯಪ್ ಇದ್ದರೆ ಸ್ಕ್ಯಾನರ್ ಇದನ್ನು ನೇರವಾಗಿ ಹೇಳುತ್ತದೆ. ಫಿಲ್ಟರಿನಲ್ಲಿರುವ ಮಸಿಯ ಅಂದಾಜು ತೂಕ, ಕಳೆದ ರೀಜನರೇಷನ್ ಆದಮೇಲೆ ಓಡಿದ ದೂರ, ಡಿಪಿಎಫ್‌ನ ಎರಡು ಬದಿಯ ಒತ್ತಡದ ಅಂತರ, ಎಲ್ಲವೂ ಅಲ್ಲಿ ಸಿಗುತ್ತವೆ. ಗಾಡಿ ಚೆನ್ನಾಗಿದ್ದ ಕಾಲದಲ್ಲಿ ಈ ಅಂಕಿಗಳನ್ನು ನಾನು ಬರೆದಿಟ್ಟುಕೊಂಡಿದ್ದೆ. ಪ್ರತಿಯೊಬ್ಬ ಡೀಸೆಲ್ ಕಾರಿನ ಮಾಲೀಕರೂ ಇದನ್ನು ಮಾಡಬೇಕು ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಆರೋಗ್ಯದ ಅಂಕಿ ಗೊತ್ತಿಲ್ಲದಿದ್ದರೆ ಕಾಯಿಲೆಯ ಅಂಕಿಗೆ ಅರ್ಥವಿಲ್ಲ. ಮೊದಲು 450 ಕಿಲೋಮೀಟರಿಗೊಮ್ಮೆ ಆಗುತ್ತಿದ್ದ ರೀಜನರೇಷನ್ ಈಗ 130ಕ್ಕೇ ಶುರುವಾಗುತ್ತಿತ್ತು.

ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಡಿಪಿಎಫ್ ತುಂಬುತ್ತಿದೆ ಎಂದ ಕೂಡಲೇ ಅದನ್ನು ತೊಳೆಸುವುದು, ಇಲ್ಲವೇ ಸ್ಕ್ಯಾನರಿನಿಂದ ಬಲವಂತವಾಗಿ ರೀಜನರೇಷನ್ ಮಾಡಿಸಿ ಮನೆಗೆ ಹೋಗುವುದು. ಫಿಲ್ಟರ್ ತುಂಬುವುದು ಫಿಲ್ಟರಿನ ತಪ್ಪಲ್ಲ. ಮಸಿ ಹುಟ್ಟುತ್ತಿರುವುದು ಎಂಜಿನ್ನಿನಲ್ಲಿ. ಹಳೆಯ ಡೀಸೆಲ್ ಗಾಡಿಯಾಗಿದ್ದರೆ ಸೈಲೆನ್ಸರಿನಿಂದ ಕಪ್ಪು ಹೊಗೆ ಎದ್ದು ಊರಿಗೆಲ್ಲ ತಿಳಿಯುತ್ತಿತ್ತು. ಡಿಪಿಎಫ್ ಇರುವ ಕಾರಿನಲ್ಲಿ ಆ ಹೊಗೆ ಒಳಗೇ ಸಿಕ್ಕಿಬೀಳುತ್ತದೆ, ಸೈಲೆನ್ಸರಿನ ಬಾಯಿ ಒರೆಸಿದರೆ ಬೆರಳಿಗೆ ಏನೂ ಅಂಟುವುದಿಲ್ಲ. ಮೈಲೇಜೊಂದೇ ಹೊಗೆಯ ಬದಲು ದೂರು ಹೇಳುತ್ತದೆ.

ಮಸಿ ನಿಜವಾಗಿಯೂ ಹೆಚ್ಚಿದೆಯೋ ಅಥವಾ ಸೆನ್ಸರ್ ಸುಳ್ಳು ಹೇಳುತ್ತಿದೆಯೋ ಎಂಬುದನ್ನು ಮೊದಲು ಬಗೆಹರಿಸಬೇಕಿತ್ತು. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಅಂಕಿ ಓದಿದೆ. ಹೊಗೆ ಹರಿಯದಿರುವಾಗ ಡಿಪಿಎಫ್ ಒತ್ತಡದ ಅಂತರ ಸೊನ್ನೆ ಇರಬೇಕು, ಇತ್ತು. ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ ಹೊರಗಿನ ವಾತಾವರಣದ ಒತ್ತಡಕ್ಕೆ ಸಮನಾಗಿರಬೇಕು, ಅದೂ ಇತ್ತು. ಸೆನ್ಸರುಗಳು ನಂಬಬಹುದಾದವು ಎಂದಾಯಿತು.

ಹೆಚ್ಚು ಮಸಿ ಎಂದರೆ ಡೀಸೆಲ್ ಹೆಚ್ಚಾಗಿರಬೇಕು, ಇಲ್ಲವೇ ಗಾಳಿ ಕಡಿಮೆಯಾಗಿರಬೇಕು. ಪರಿಚಯದ ಮೆಕ್ಯಾನಿಕ್ "ಇಂಜೆಕ್ಟರ್ ಬಿಚ್ಚಿ ನೋಡೋಣ ಸಾರ್" ಎಂದರು. ಇಂಜೆಕ್ಟರ್ ಎಂದರೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಳಿಕೆ. ಬಿಚ್ಚುವ ಮೊದಲು ಮಾಡಬಹುದಾದ ಸುಲಭದ ಪರೀಕ್ಷೆಯೊಂದಿದೆ: ಪ್ರತಿ ಇಂಜೆಕ್ಟರಿನಿಂದ ಹಿಂದಿರುಗುವ ಡೀಸೆಲನ್ನು ಬೇರೆ ಬೇರೆ ಪಾರದರ್ಶಕ ಬಾಟಲಿಗಳಲ್ಲಿ ಹಿಡಿದು ಹೋಲಿಸುವುದು. ಅವರೇ ಮಾಡಿ ತೋರಿಸಿದರು. ನಾಲ್ಕು ಬಾಟಲಿಗಳಲ್ಲೂ ಮಟ್ಟ ಹೆಚ್ಚುಕಡಿಮೆ ಒಂದೇ. ಹಿಂದಿರುಗುವ ಡೀಸೆಲ್ ಸಮ ಇದ್ದ ಮಾತ್ರಕ್ಕೆ ಸಿಂಪಡಣೆ ಸರಿಯಿದೆ ಎಂದು ಪೂರ್ತಿ ಹೇಳಲಾಗದು, ಆದರೆ ಐಡ್ಲಿಂಗಿನಲ್ಲಿ ಎಂಜಿನ್ ನಡುಕವಿಲ್ಲದೆ ಓಡುತ್ತಿತ್ತು. ಅದಕ್ಕಾಗಿ ಗಾಳಿಯ ಕಡೆ ತಿರುಗಿದೆವು.

ಗಾಳಿಯ ದೋಷ ನಿಂತ ಗಾಡಿಯಲ್ಲಿ ಕಾಣುವುದಿಲ್ಲ. ಐಡ್ಲಿಂಗಿನಲ್ಲಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಒತ್ತಡವನ್ನೇ ಕಟ್ಟುವುದಿಲ್ಲವಾದ್ದರಿಂದ ಗ್ಯಾರೇಜಿನಲ್ಲಿ ನಿಲ್ಲಿಸಿ ಸ್ಕ್ಯಾನ್ ಮಾಡಿದರೆ ಎಲ್ಲವೂ ಸರಿ ಎಂದೇ ಬರುತ್ತದೆ. ಮೆಕ್ಯಾನಿಕ್ ಸ್ಟೀರಿಂಗ್ ಹಿಡಿದರು, ನಾನು ಪಕ್ಕದಲ್ಲಿ ಕುಳಿತು ಅಂಕಿ ದಾಖಲಿಸಿದೆ. ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಇಸಿಯು ಕೇಳಿದ ಒತ್ತಡ 2.2 ಬಾರ್, ಸಿಕ್ಕಿದ್ದು 2.1. ಇಷ್ಟು ಕೊರತೆಗೆ ದೀಪ ಹೊತ್ತುವುದಿಲ್ಲ. ಆದರೆ ಟರ್ಬೊದ ರೆಕ್ಕೆಗಳನ್ನು ತಿರುಗಿಸುವ ಆಕ್ಚುವೇಟರಿಗೆ ಹೋಗುತ್ತಿದ್ದ ಆದೇಶ ನನ್ನ ಹಳೆಯ ದಾಖಲೆಗಿಂತ ಬಹಳ ಮೇಲಿತ್ತು. ಅಂದರೆ ಟರ್ಬೊ ಎಂದಿಗಿಂತ ಜೋರಾಗಿ ದುಡಿದು ಕೊರತೆಯನ್ನು ಮುಚ್ಚುತ್ತಿತ್ತು. ಒತ್ತಿದ ಗಾಳಿ ದಾರಿಯಲ್ಲೆಲ್ಲೋ ಹೊರಗೆ ಹೋಗುತ್ತಿತ್ತು. ಏರ್ ಫಿಲ್ಟರಿನ ಬಳಿಯ ಸೆನ್ಸರ್ ಅಳೆದ ಗಾಳಿಯೆಲ್ಲ ಸಿಲಿಂಡರ್ ಸೇರಿತು ಎಂದು ನಂಬಿ ಇಸಿಯು ಡೀಸೆಲ್ ಅಳೆಯುತ್ತದೆ. ಸೇರದ ಗಾಳಿಯ ಪಾಲಿನ ಡೀಸೆಲ್ ಮಸಿಯಾಗುತ್ತದೆ.

ಗಾಡಿ ಎತ್ತಿ, ಅಡಿಯ ಕವಚ ಬಿಚ್ಚಿ, ಟರ್ಬೊದಿಂದ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸನ್ನು ಟಾರ್ಚ್ ಹಿಡಿದು ನೋಡಿದೆವು. ಮೇಲಿನಿಂದ ಹೊಸದರಂತೆ ಕಾಣುತ್ತಿತ್ತು. ಕೆಳಮೈಯಲ್ಲಿ, ಲೋಹದ ಒಂದು ಬ್ರಾಕೆಟ್ ತಗುಲುವ ಕಡೆ, ಅಂಗೈ ಅಗಲದ ಎಣ್ಣೆಯ ಪಸೆ. ಅದರ ಮೇಲೆ ದಪ್ಪಗೆ ಅಂಟಿದ ಕಪ್ಪು ಧೂಳು. ಟರ್ಬೊ ಕೊಳವೆಗಳೊಳಗೆ ತುಸು ಎಣ್ಣೆಯ ಆವಿ ಇರುವುದು ಸಾಮಾನ್ಯ, ಹೊರಗೆ ಇರಬಾರದು. ಒರೆಸಿ ನೋಡಿದರೆ ಬಿರುಕು ಕಣ್ಣಿಗೆ ಬೀಳಲಿಲ್ಲ. ಹೋಸಿನ ಎರಡೂ ತುದಿ ಮುಚ್ಚಿ, ಕಂಪ್ರೆಸರಿನಿಂದ ಅರ್ಧ ಬಾರ್ ಗಾಳಿ ಕೊಟ್ಟು, ಮೇಲೆ ಸಾಬೂನು ನೀರು ಸವರಿದಾಗ ಬ್ರಾಕೆಟ್ ಉಜ್ಜಿದ ಗೆರೆಯುದ್ದಕ್ಕೂ ನೊರೆ ಉಕ್ಕಿತು. ಹೆಬ್ಬೆರಳುಗಳಿಂದ ಎರಡೂ ಬದಿ ಎಳೆದರೆ ಎರಡು ಸೆಂಟಿಮೀಟರ್ ಉದ್ದದ ಸೀಳು ಬಾಯಿ ಬಿಡುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ಬಹಳ ಹೊತ್ತು ಅದನ್ನೇ ಎಳೆದು ಬಿಟ್ಟು ನೋಡಿದೆ. ಅಷ್ಟು ಸಂತೋಷವಾಗಿತ್ತು.

ಹೊಸ ಹೋಸ್, ಹೊಸ ಕ್ಲಾಂಪ್ ಹಾಕಿಸಿದೆ. ಟೇಪು ಸುತ್ತಿ ಅಂಟಿಸುವ ಕೆಲಸಕ್ಕೆ ಕೈ ಹಾಕಬೇಡಿ, ಟರ್ಬೊದ ಬಿಸಿ ಮತ್ತು ಒತ್ತಡಕ್ಕೆ ಅದು ನಿಲ್ಲುವುದಿಲ್ಲ. ಬ್ರಾಕೆಟ್ಟನ್ನು ತುಸು ಬಾಗಿಸಿ ಹೋಸಿನಿಂದ ಬೆರಳು ತೂರುವಷ್ಟು ದೂರ ಮಾಡಿದೆವು. ಇಲ್ಲವಾದರೆ ಹೊಸದಕ್ಕೂ ಅದೇ ಗತಿ.

ಇನ್ನೊಂದು ಕೆಲಸ ಬಾಕಿಯಿತ್ತು. ಡಿಪ್‌ಸ್ಟಿಕ್ ಎಳೆದು ನೋಡಿದರೆ ಎಂಜಿನ್ ಆಯಿಲ್ ಗರಿಷ್ಠ ಗುರುತಿಗಿಂತ ಮೇಲಿತ್ತು, ಮೂಸಿದರೆ ಡೀಸೆಲ್ ವಾಸನೆ. ಪದೇ ಪದೇ ನಡೆದ ರೀಜನರೇಷನ್ನಿನಲ್ಲಿ ತಡವಾಗಿ ಚಿಮ್ಮಿದ ಡೀಸೆಲಿನ ಒಂದು ಪಾಲು ಸಿಲಿಂಡರ್ ಗೋಡೆಯ ಗುಂಟ ಇಳಿದು ಆಯಿಲ್ ಸೇರಿತ್ತು. ಆಯಿಲ್ ಮಟ್ಟ ತಾನಾಗಿ ಏರಿದರೆ ಅದನ್ನು ಲಘುವಾಗಿ ಕಾಣಬಾರದು. ತೆಳುವಾದ ಆಯಿಲ್ ಬೇರಿಂಗುಗಳನ್ನು ಸವೆಸುತ್ತದೆ. ಅವಧಿ ಮುಗಿಯದಿದ್ದರೂ ಆಯಿಲ್ ಮತ್ತು ಫಿಲ್ಟರ್ ಬದಲಿಸಿದೆ.

ದುರಸ್ತಿಯಾದ ಮೇಲಿನ ಮೊದಲ ಟ್ಯಾಂಕಿನಿಂದ ತೀರ್ಮಾನಕ್ಕೆ ಬರಬಾರದು, ಹಳೆಯ ಮಸಿ ಇನ್ನೂ ಫಿಲ್ಟರಿನಲ್ಲಿರುತ್ತದೆ. ಒಂದು ರೀಜನರೇಷನ್ ಅಡೆತಡೆಯಿಲ್ಲದೆ ಪೂರ್ತಿಯಾಗಲೆಂದು ಹೆದ್ದಾರಿಯಲ್ಲಿ ಓಡಿಸಿದೆ. ಅನಂತರ ಮಸಿಯ ಅಂಕಿ ಏರುವ ವೇಗ ತಗ್ಗಿತು, ಎರಡು ರೀಜನರೇಷನ್ ನಡುವಿನ ದೂರ ಮತ್ತೆ 400 ಕಿಲೋಮೀಟರ್ ದಾಟಿತು. ಟ್ಯಾಂಕ್ ಲೆಕ್ಕದಲ್ಲಿ ಮೈಲೇಜ್ 19ಕ್ಕೆ ಮರಳಿತು. ಕ್ಲಾಂಪುಗಳನ್ನು ಮಾತ್ರ ಎಂಜಿನ್ ಕೆಲವು ಸಲ ಕಾದು ತಣಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿದೆ. ಹೊಸ ರಬ್ಬರ್ ಮೊದಮೊದಲು ಸ್ವಲ್ಪ ಕುಗ್ಗುತ್ತದೆ.