ಮೆಣಸಿನಕಾಯಿ ಅಂಗಡಿಯಿಂದ ವರ್ಗಸಮೀಕರಣದವರೆಗೆ

ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಸೋಮವಾರ, ಗುರುವಾರ ಮಾರುಕಟ್ಟೆಗೆ ಮಾಲು ಬಂದು ಬಿದ್ದಿತೆಂದರೆ ಕ್ಯಾಲ್ಕುಲೇಟರ್ ಹುಡುಕಲು ಪುರುಸೊತ್ತು ಇರುವುದಿಲ್ಲ. 17 ಕ್ವಿಂಟಲ್ 35 ಕಿಲೋ ಡಬ್ಬಿ ತಳಿಯ ಮೆಣಸಿನಕಾಯಿ, ಕ್ವಿಂಟಲ್‌ಗೆ 24,600 ರೂಪಾಯಿ ಎಂದರೆ 4,26,810 ಎಂದು ಬಾಯಲ್ಲೇ ಹೇಳಿಬಿಡುತ್ತೇನೆ. ಆದರೆ ಅಂಕಿಗಳ ನಡುವೆ ಒಂದು ಎಕ್ಸ್ ಬಂದು ಕುಳಿತರೆ ನನ್ನ ಬಾಯಿ ಕಟ್ಟುತ್ತಿತ್ತು. ಹತ್ತನೆಯ ತರಗತಿಯನ್ನು ಗಟ್ಟು ಹೊಡೆದೇ ದಾಟಿದವನು ನಾನು. ನಡುವಯಸ್ಸಿನಲ್ಲಿ ಮತ್ತೆ ಗಣಿತ ಕಲಿಯಬೇಕೆನಿಸಿದ್ದಕ್ಕೆ ಘನವಾದ ಕಾರಣವೇನೂ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಅಂಕಿಗಳ ಜೊತೆಗೇ ಇರುವವನಿಗೆ ಅವುಗಳ ಒಳಗುಟ್ಟು ಗೊತ್ತಿಲ್ಲವಲ್ಲ ಎಂಬ ಕಿರಿಕಿರಿ, ಅಷ್ಟೇ.

ಮೊಬೈಲಿನಲ್ಲಿ ಗಣಿತ ಕಲಿಸುವ ಗುಂಪುಗಳಿಗೆ ಬರವಿಲ್ಲ. ಕೆಲವಕ್ಕೆ ಸೇರಿ, ಬೇಗನೇ ಹೊರಬಂದೆ. ಅಲ್ಲಿ ಪ್ರಶ್ನೆ ಹಾಕಿದ ಕೂಡಲೇ ನಾಲ್ಕು ಜನ ಉತ್ತರ ಎಸೆಯುತ್ತಿದ್ದರು. ಉತ್ತರ ಹೇಳುವುದು ನನಗೂ ಬರುತ್ತದೆ, ಅದು ನನ್ನ ಹೊಟ್ಟೆಪಾಡು. ಕೊನೆಗೆ ನೆಲೆ ನಿಂತಿದ್ದು ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿರುವ ಹುಡುಗಿಯೊಬ್ಬಳು ರಾತ್ರಿ ಹೊತ್ತು ವಿಡಿಯೊ ಕರೆಯಲ್ಲಿ ನಡೆಸುವ ಸಣ್ಣ ಗುಂಪಿನಲ್ಲಿ. ರಾಣೆಬೆನ್ನೂರಿನಲ್ಲಿ ಹೊಲಿಗೆ ಮಾಡುವ ಒಬ್ಬ ತಾಯಿ, ಬೆಟಗೇರಿಯ ಮಗ್ಗದ ಮನೆಯ ಹುಡುಗ, ಹಾವೇರಿಯ ನಿವೃತ್ತ ಅಂಚೆ ನೌಕರರು, ಹೀಗೆ ಕೆಲವರು. ವಯಸ್ಸಿನಲ್ಲಿ ಅವಳು ನನ್ನ ಮಗಳ ಸಮ. ಆದರೂ ನಾವೆಲ್ಲ ಕರೆಯುವುದು ‘ಅಕ್ಕೋರೆ’ ಎಂದೇ.

ಅಕ್ಕೋರ ನಿಯಮ ಒಂದೇ: ಉತ್ತರ ಕಳಿಸುವಂತಿಲ್ಲ. ಲೆಕ್ಕ ಎಲ್ಲಿಯವರೆಗೆ ಹರಿಯಿತು, ಯಾವ ಸಾಲಿನಲ್ಲಿ ನಿಂತಿತು, ಆ ಪುಟದ ಫೋಟೊ ಕಳಿಸಬೇಕು. ಕಾಟು ಹೊಡೆದಿದ್ದನ್ನೂ ಅಳಿಸಬಾರದು. ಮೊದಲ ದಿನವೇ ಏಳನೆಯ ತರಗತಿಯ ಪುಸ್ತಕದಿಂದ ಶುರು ಎಂದಾಗ ಅಂಚೆಯವರ ಮೀಸೆ ಸ್ವಲ್ಪ ಇಳಿಯಿತು. ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಹಾಗಾಗಿ ಕೈಯಿಂದ ದುಡ್ಡು ಬಿಚ್ಚಬೇಕಾಗಲಿಲ್ಲ. ಏಳನೆಯ ತರಗತಿಯಿಂದ ಶುರು ಮಾಡಿದ್ದೇ ಸರಿಯಾಯಿತು ಎನ್ನುವವನು ನಾನು. ಭಿನ್ನರಾಶಿ ಅಲುಗಾಡುತ್ತಿದ್ದರೆ ಮುಂದಿನದೆಲ್ಲ ಅಲುಗಾಡುತ್ತದೆ.

ನನಗೆ ಅತ್ಯಂತ ಕಷ್ಟವಾದದ್ದು ನಿಧಾನವಾಗಿ ಬರೆಯುವುದು. 48 ಕಿಲೋದ 52 ಚೀಲ ಎಂದರೆ 2,496 ಕಿಲೋ ಎಂದು ಹೇಳಿ ಮುಗಿಸಿದೆ. “ಹೇಗೆ ಬಂತು ಕಾಕಾ?” ಎಂದರು ಅಕ್ಕೋರು. ಐವತ್ತೈವತ್ತಲೇ ಎರಡೂವರೆ ಸಾವಿರ, ಅದರಲ್ಲಿ ನಾಲ್ಕು ಕಳೆದೆ ಎಂದೆ. “ನಾಲ್ಕೇ ಏಕೆ?” ಅದಕ್ಕೆ ನನ್ನಲ್ಲಿ ಜವಾಬಿರಲಿಲ್ಲ. ನಮ್ಮ ಹಳೆಯ ಗುಮಾಸ್ತರು ಹಾಗೆ ಹೇಳಿಕೊಟ್ಟಿದ್ದರು, ಅದು ತಪ್ಪದೆ ಸರಿ ಬರುತ್ತಿತ್ತು. ಐವತ್ತಕ್ಕೆ ಎರಡು ಕಡಿಮೆ, ಐವತ್ತಕ್ಕೆ ಎರಡು ಹೆಚ್ಚು ಎಂದು ಬಿಡಿಸಿ ಬರೆದು ಗುಣಿಸಿದಾಗ ನಡುವಿನ ಎರಡು ನೂರುಗಳು ಒಂದನ್ನೊಂದು ಹೊಡೆದುಹಾಕಿದವು, ಉಳಿದದ್ದು ಎರಡರ ವರ್ಗ. ವರ್ಗಗಳ ವ್ಯತ್ಯಾಸ ಎಂಬ ನಿತ್ಯಸಮೀಕರಣವನ್ನು ಇಷ್ಟು ವರ್ಷ ನಾನು ಹೆಸರು ತಿಳಿಯದೆ ಮೆಣಸಿನಕಾಯಿ ಚೀಲಗಳ ಮೇಲೆ ಬಳಸುತ್ತ ಬಂದಿದ್ದೆ! ಆ ರಾತ್ರಿ ಬೀಜಗಣಿತದ ಹೆದರಿಕೆ ಅರ್ಧಕ್ಕರ್ಧ ಇಳಿಯಿತು.

ವರ್ಗಸಮೀಕರಣ ಬಂದಾಗ ಅಕ್ಕೋರು ಕೊಟ್ಟದ್ದು ಒಂಬತ್ತನೆಯ ಶತಮಾನದ ಬಾಗ್ದಾದಿನ ಗಣಿತಜ್ಞ ಅಲ್-ಖ್ವಾರಿಜ್ಮಿಯ ಲೆಕ್ಕ. ಒಂದು ಸಂಖ್ಯೆಯ ವರ್ಗಕ್ಕೆ ಅದರ ಹತ್ತು ಪಟ್ಟು ಕೂಡಿಸಿದರೆ 39, ಸಂಖ್ಯೆ ಯಾವುದು? ಆತನೂ ಚಿಹ್ನೆ ಬಳಸದೆ ಮಾತಿನಲ್ಲೇ ಬರೆದಿದ್ದ ಎಂದು ತಿಳಿದು ನನಗೆ ಖುಷಿಯಾಯಿತು. ವರ್ಗ ಪೂರ್ಣಗೊಳಿಸುವ ವಿಧಾನ ಪುಸ್ತಕದಲ್ಲಿತ್ತು, ತಲೆಗೆ ಮಾತ್ರ ಹತ್ತಲಿಲ್ಲ. ಹತ್ತಿಸಿದವರು ರಾಣೆಬೆನ್ನೂರಿನ ತಾಯಿ. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಕತ್ತರಿಸಿ ಮೊಬೈಲ್ ಮುಂದೆ ಹಿಡಿದರು. ಒಂದು ಚೌಕ, ಅದರ ಬದಿ ನಮಗೆ ಗೊತ್ತಿಲ್ಲದ ಸಂಖ್ಯೆ. ಅಷ್ಟೇ ಉದ್ದದ, ಹತ್ತು ಅಗಲದ ಪಟ್ಟಿ ಇನ್ನೊಂದು. ಪಟ್ಟಿಯನ್ನು ಉದ್ದಕ್ಕೆ ಸೀಳಿ, ಐದು ಅಗಲದ ಒಂದನ್ನು ಚೌಕದ ಬಲಕ್ಕೆ, ಇನ್ನೊಂದನ್ನು ಕೆಳಕ್ಕೆ ಜೋಡಿಸಿದರು. “ಮೂಲೆಗೆ ತುಂಡು ಸಾಲಲಿಲ್ಲ ನೋಡಿ” ಎಂದು ಬೆರಳಿಟ್ಟರು. ಐದಕ್ಕೆ ಐದರ ಖಾಲಿ ಜಾಗ, ಅಂದರೆ 25. ಅದನ್ನು ತುಂಬಿದರೆ 39 ಹೋಗಿ 64 ಆಗುತ್ತದೆ. ದೊಡ್ಡ ಚೌಕದ ಬದಿ ಎಂಟು, ಐದು ಕಳೆದರೆ ಮೂರು. ‘ಎರಡೂ ಬದಿಗೆ 25 ಕೂಡಿಸಿ’ ಎಂದು ಶಾಲೆಯಲ್ಲಿ ಹೇಳುತ್ತಿದ್ದುದು ಆ ಮೂಲೆಯ ತುಂಡನ್ನು!

ಅಲ್ಲಿಗೆ ಮುಗಿಯಲಿಲ್ಲ. ಋಣ 13 ಕೂಡ ಉತ್ತರವಂತೆ. ಅದರ ವರ್ಗ 169, ಹತ್ತು ಪಟ್ಟು ಋಣ 130; 169ರಲ್ಲಿ 130 ಕಳೆದರೆ 39 ಬರುವುದೂ ನಿಜ. ಕಾಗದದ ಚೌಕಕ್ಕೆ ಋಣ ಬದಿ ಇರಲು ಸಾಧ್ಯವೇ ಎಂದು ಬೆಟಗೇರಿಯ ಹುಡುಗ ಪಟ್ಟು ಹಿಡಿದ. ಚಿತ್ರದಲ್ಲಿ ಅದು ಕಾಣದು, ಅಲ್-ಖ್ವಾರಿಜ್ಮಿಯೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂದರು ಅಕ್ಕೋರು. ಆದರೆ ಋಣವನ್ನು ಋಣದಿಂದ ಗುಣಿಸಿದರೆ ಧನ ಎಂದು ನಮ್ಮ ದೇಶದ ಗಣಿತಜ್ಞ ಬ್ರಹ್ಮಗುಪ್ತ 628ರಲ್ಲೇ ಬರೆದಿಟ್ಟಿದ್ದ. ಇದನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು: ಇನ್ನೂರು ರೂಪಾಯಿಯ ಮೂರು ಸಾಲಗಳನ್ನು ನಿನ್ನ ಖಾತೆಯಿಂದ ಹೊಡೆದುಹಾಕಿದರೆ ನಿನಗೆ ಆರುನೂರು ಲಾಭವೋ ನಷ್ಟವೋ ಎಂದು ಕೇಳಿದೆ. ಹುಡುಗ ನಕ್ಕು ಒಪ್ಪಿದ. ಹಾಗಾದರೆ ಋಣ ಸಂಖ್ಯೆಗೆ ವರ್ಗಮೂಲ ಎಲ್ಲಿಂದ ಬರಬೇಕು ಎಂದು ಅಂಚೆಯವರು ತೆಗೆದರು. ಇಲ್ಲ ಎಂದು ಸ್ಪಷ್ಟವಾಗಿ ಹೇಳಿದವನು ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯ. ಆ ಅರಸನ ದಂಡನಾಯಕ ಬಂಕೇಯನ ಹೆಸರು ಹೊತ್ತ ಬಂಕಾಪುರ ನಮ್ಮ ಜಿಲ್ಲೆಯಲ್ಲೇ ಇದೆ ಎಂದು ನಾನು ಸೇರಿಸಿದೆ. ಗಣಿತಕ್ಕೆ ಅದರಿಂದ ಏನೂ ಆಗಬೇಕಾದದ್ದಿಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

ಈಗ ತ್ರಿಕೋನಮಿತಿ ಶುರುವಾಗಿದೆ. ಇತ್ತ ಮೆಣಸಿನಕಾಯಿ ಹಂಗಾಮೂ ಹತ್ತಿರ ಬಂದಿದೆ, ವಾರದಲ್ಲಿ ಒಂದೆರಡು ರಾತ್ರಿ ಸೇರಲು ಸಿಕ್ಕರೂ ಪುಣ್ಯ. ಅಷ್ಟರಲ್ಲಿ ಪಾಠ ಬಹಳ ಮುಂದೆ ಓಡದಂತೆ ದಿನಕ್ಕೊಂದು ಅಡ್ಡ ಪ್ರಶ್ನೆ ಹಾಕಿ ಅಕ್ಕೋರನ್ನು ತಡೆದಿಡು ಎಂದು ಬೆಟಗೇರಿಯ ಹುಡುಗನಿಗೆ ಹೇಳಿಟ್ಟಿದ್ದೇನೆ. ಅದು ಅವನಿಗೆ ಹೇಳಿಕೊಡಬೇಕಾದ ಕೆಲಸವೇನಲ್ಲ.