ಅಧೀನ ವಾಕ್ಯ ಮತ್ತು ಅಲ್ಪವಿರಾಮ: ತರಗತಿಯಲ್ಲಿ ನನ್ನ ಅನುಭವ

ಚಿತ್ರದುರ್ಗ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ನಾನು, ಅಧೀನ ವಾಕ್ಯದ, ಅಂದರೆ ತಾನೊಂದೇ ನಿಲ್ಲದೆ ಪ್ರಧಾನ ವಾಕ್ಯವನ್ನು ಆಶ್ರಯಿಸುವ ಭಾಗದ (ಸಬಾರ್ಡಿನೇಟ್ ಕ್ಲಾಸ್) ಪಾಠವನ್ನು ಮಕ್ಕಳ ನೋಟ್‌ಬುಕ್ಕಿನಿಂದಲೇ ಆರಂಭಿಸುತ್ತೇನೆ. ಅಲ್ಲಿ ಪದೇ ಪದೇ ಕಾಣುವ ಬರವಣಿಗೆ ಇದು: ‘ವಿ ವರ್ ಲೇಟ್. ಬಿಕಾಸ್ ದ ಬಸ್ ಡಿಡ್ ನಾಟ್ ಕಮ್.’ ಎರಡನೆಯ ಭಾಗ ಸ್ವತಂತ್ರವಾಗಿ ನಿಲ್ಲಲಾರದು. ಆದರೂ ಮಕ್ಕಳು ನಡುವೆ ಪೂರ್ಣವಿರಾಮ ಹಾಕುವುದಕ್ಕೆ ಕಾರಣ, ಕನ್ನಡದಲ್ಲಿ ನಾವು ‘ತಡವಾಯಿತು. ಏಕೆಂದರೆ ಬಸ್ಸು ಬರಲಿಲ್ಲ’ ಎಂದು ಎರಡು ವಾಕ್ಯಗಳಾಗಿ ಧಾರಾಳವಾಗಿ ಬರೆಯುವುದೇ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ‘ಬಿಕಾಸ್’ ಕಂಡಲ್ಲೆಲ್ಲ ‘ಬಸ್ಸು ಬಾರದಿದ್ದುದರಿಂದ’ ಎಂದು ಓದಿಕೊಳ್ಳಲು ಹೇಳುತ್ತೇನೆ. ಅಷ್ಟಕ್ಕೇ ನಿಲ್ಲಿಸಿದರೆ ‘ಏನಾಯಿತು ಸರ್?’ ಎಂದು ಹಿಂದಿನ ಬೆಂಚಿನವರೂ ಕೇಳುತ್ತಾರೆ. ‘ಇಫ್’ ಬಂದರೆ ‘ಬಂದರೆ’, ‘ವೆನ್’ ಬಂದರೆ ‘ಬಂದಾಗ’, ‘ಆಲ್‌ದೋ’ ಬಂದರೆ ‘ಬಂದರೂ’ ಎಂದು ಇದೇ ಪರೀಕ್ಷೆಯನ್ನು ಅವರೇ ಮುಂದುವರಿಸುತ್ತಾರೆ.

ಇಂತಹ ಅಧೀನ ವಾಕ್ಯ ಮೊದಲು ಬಂದರೆ ಅದರ ಕೊನೆಗೆ ಅಲ್ಪವಿರಾಮ ಬೇಕು. ಪ್ರಧಾನ ವಾಕ್ಯದ ನಂತರ ಬಂದರೆ ಸಾಮಾನ್ಯವಾಗಿ ಬೇಡ, ಆದರೆ ‘ಆಲ್‌ದೋ’ದಂತೆ ವೈರುಧ್ಯ ಸೂಚಿಸುವಲ್ಲಿ ಹಾಕುವುದುಂಟು. ‘ಐ ನೋ ದಟ್ ಹಿ ಈಸ್ ಹಿಯರ್’ ಎಂಬಲ್ಲಿ ‘ದಟ್’ಗೆ ಮುಂಚೆ ಅಲ್ಪವಿರಾಮ ಬರುವುದಿಲ್ಲ.

ಹೆಚ್ಚು ಸಮಯ ಹಿಡಿಯುವುದು ‘ಹೂ’ ಮತ್ತು ‘ವಿಚ್’ಗಳಿಂದ ಆರಂಭವಾಗುವ ಅಧೀನ ವಾಕ್ಯಗಳ ಪಾಠ. ‘ದ ಗರ್ಲ್ಸ್ ಹೂ ಕಮ್ ಫ್ರಮ್ ಹೊಳಲ್ಕೆರೆ ಲೀವ್ ಅರ್ಲಿ’ ಎಂದರೆ ಹೊಳಲ್ಕೆರೆಯಿಂದ ಬರುವ ಹುಡುಗಿಯರು ಮಾತ್ರ ಬೇಗ ಹೊರಡುತ್ತಾರೆ. ಅದೇ ವಾಕ್ಯದಲ್ಲಿ ‘ಹೂ’ಗೆ ಮುಂಚೆ ಮತ್ತು ‘ಹೊಳಲ್ಕೆರೆ’ಯ ನಂತರ ಅಲ್ಪವಿರಾಮ ಹಾಕಿದರೆ, ಹುಡುಗಿಯರೆಲ್ಲರೂ ಹೊಳಲ್ಕೆರೆಯವರೇ, ಎಲ್ಲರೂ ಬೇಗ ಹೊರಡುತ್ತಾರೆ ಎಂದಾಗುತ್ತದೆ. ‘ಹೊಳಲ್ಕೆರೆಯಿಂದ ಬರುವ ಹುಡುಗಿಯರು’ ಎಂಬ ಕನ್ನಡದ ರೂಪ ಎರಡು ಅರ್ಥಕ್ಕೂ ಒಂದೇ ಆಗಿರುವುದರಿಂದ ಈ ಭೇದ ಮಕ್ಕಳ ಕಣ್ಣಿಗೆ ಸುಲಭವಾಗಿ ಬೀಳದು. ಆಗ ‘ಯಾರು?’ ಅಥವಾ ‘ಯಾವುದು?’ ಎಂಬ ಪ್ರಶ್ನೆ ಹಾಕಿಸುತ್ತೇನೆ: ಉತ್ತರಕ್ಕೆ ಅಧೀನ ವಾಕ್ಯ ಬೇಕೇಬೇಕಾದರೆ ಅಲ್ಪವಿರಾಮ ಬೇಡ. ‘ವಾಣಿ ವಿಲಾಸ ಸಾಗರ, ವಿಚ್ ಸ್ಟ್ಯಾಂಡ್ಸ್ ಅಕ್ರಾಸ್ ದ ವೇದಾವತಿ, ಓವರ್‌ಫ್ಲೋಡ್ ಇನ್ 2022’ ಎಂಬಲ್ಲಿ ಹೆಸರೇ ಅಣೆಕಟ್ಟನ್ನು ಗುರುತಿಸುವುದರಿಂದ ನಡುವಿನ ಭಾಗ ಹೆಚ್ಚುವರಿ ಮಾಹಿತಿ. ಅದರ ಎರಡೂ ಬದಿಗೆ ಅಲ್ಪವಿರಾಮ ಬೇಕು, ‘ವಿಚ್’ ಬದಲು ‘ದಟ್’ ಸಲ್ಲದು. ಮೊದಲನೆಯದನ್ನು ಹಾಕಿದವರು ಎರಡನೆಯದನ್ನು ಬಿಡುವುದೇ ಹೆಚ್ಚು. ಹಾಗಾಗಿ ಮಧ್ಯದ ಭಾಗವನ್ನು ಕೈಯಿಂದ ಮುಚ್ಚಿ ಉಳಿದದ್ದನ್ನು ಗಟ್ಟಿಯಾಗಿ ಓದಿಸಿ, ಬೆರಳು ಆರಂಭವಾದಲ್ಲಿ ಒಂದು, ಮುಗಿದಲ್ಲಿ ಇನ್ನೊಂದು ಎಂದು ಅವರಿಂದಲೇ ಗುರುತು ಹಾಕಿಸುತ್ತೇನೆ.